ಡ್ರೈವರಿಗಿಂತ ಮೊದಲು ಕೇಬಲ್: ಸೋದರಸೊಸೆಗೆ ಒಂದು ಪತ್ರ

ತೀರ್ಥಹಳ್ಳಿ

ಚಿ. ಪುಟ್ಟಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಇನ್ನೂ ಹೊಳವಾಗಿಲ್ಲ, ಅಡಿಕೆಯ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಯುವುದು ಬಾಕಿ ಇದೆ. ನಿನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ಅರ್ಧ ಕೇಳಿಸಲಿಲ್ಲ. ಸಿಗ್ನಲ್ ಬೇಕೆಂದರೆ ತೋಟದ ಏರಿಯ ಮೇಲೆ ಕೊಡೆ ಹಿಡಿದು ನಿಲ್ಲಬೇಕು, ಆದ್ದರಿಂದ ಈ ವಿಷಯವನ್ನು ಕಾಗದದಲ್ಲಿಯೇ ಬರೆಯುತ್ತಿದ್ದೇನೆ.

ನನಗೆ ತಿಳಿದ ಮಟ್ಟಿಗೆ ನಿನ್ನ ತಾಪತ್ರಯ ಇಷ್ಟು. ತೋಟದ ತೇವ ಅಳೆಯಲು ನೀನು ತೆಗೆದುಕೊಂಡ ಇಎಸ್‌ಪಿ32 ಬೋರ್ಡನ್ನು (ವೈಫೈ ಇರುವ ಪುಟ್ಟ ಕಂಪ್ಯೂಟರ್ ಹಲಗೆ) ಲ್ಯಾಪ್‌ಟಾಪಿಗೆ ಚುಚ್ಚಿದರೆ ಒಮ್ಮೆ ಹಳದಿ ಗುರುತಿನೊಡನೆ ಕಾಣಿಸಿಕೊಳ್ಳುತ್ತದೆ, ಒಮ್ಮೆ ಗುರುತು ಸಿಗದ ಸಾಧನ ಎಂಬ ಸಂದೇಶ ಬರುತ್ತದೆ, ಇನ್ನೊಮ್ಮೆ ಸದ್ದೂ ಇಲ್ಲ ಸುದ್ದಿಯೂ ಇಲ್ಲ. ನೀನು ಡ್ರೈವರನ್ನು, ಅಂದರೆ ಬೋರ್ಡಿನೊಡನೆ ಮಾತಾಡಲು ವಿಂಡೋಸಿಗೆ ಬೇಕಾದ ತಂತ್ರಾಂಶವನ್ನು, ನಾಲ್ಕು ಸಲ ತೆಗೆದು ಮತ್ತೆ ಹಾಕಿ, ಈಗ ವಿಂಡೋಸನ್ನೇ ಹೊಸದಾಗಿ ಹಾಕಿಸುವ ಯೋಚನೆಯಲ್ಲಿದ್ದೀಯೆ. ದಯವಿಟ್ಟು ಅದನ್ನು ಮಾಡಬೇಡ. ನೀನು ಒಂದೇ ದೋಷವೆಂದು ತಿಳಿದಿರುವುದು ನಿಜವಾಗಿ ಮೂರು ಬೇರೆ ಬೇರೆ ದೋಷಗಳು, ಅವುಗಳಲ್ಲಿ ಒಂದಕ್ಕೆ ಮಾತ್ರ ಡ್ರೈವರ್ ಮದ್ದು. ಹಾಸ್ಟೆಲಿನಲ್ಲಿ ಪ್ರತಿ ಸಲವೂ ಕೈಗೆ ಸಿಕ್ಕಿದ ಗೆಳತಿಯರ ಕೇಬಲನ್ನು ಬಳಸಿದೆ ಎಂದೆಯಲ್ಲ, ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು.

ಮನೆಗೆ ಅಬ್ಬಿ ನೀರು ಬರುವುದು ನಿಂತಾಗ ನಿನ್ನ ಅಜ್ಜ ಬಚ್ಚಲಿನ ನಲ್ಲಿಯನ್ನು ಬಿಚ್ಚುತ್ತಿರಲಿಲ್ಲ. ಗುಡ್ಡದ ಒರತೆಯಿಂದ ಹಿಡಿದು ನೀರು ಹರಿಯುವ ದಂಬೆಯ ಜೊತೆಯಲ್ಲೇ ಇಳಿದು ಬರುತ್ತಿದ್ದರು. ನೀನೂ ಹಾಗೆಯೇ ತಂತಿಯಿಂದ ಹಿಡಿದು ಬಾ.

ಮೊದಲನೆಯದು, ಏನೂ ಸದ್ದಿಲ್ಲದ ಸ್ಥಿತಿ. ಬೋರ್ಡಿನ ಕೆಂಪು ದೀಪ ಉರಿಯುತ್ತದೆ, ಆದರೆ ವಿಂಡೋಸಿನ ಡಿವೈಸ್ ಮ್ಯಾನೇಜರನ್ನು (ಜೋಡಿಸಿದ ಸಾಧನಗಳ ಪಟ್ಟಿ) ತೆರೆದಿಟ್ಟುಕೊಂಡು ಚುಚ್ಚಿದರೂ ಪಟ್ಟಿ ಅಲುಗುವುದೇ ಇಲ್ಲ ಎಂದಾದರೆ, ನೂರಕ್ಕೆ ತೊಂಬತ್ತು ಸಲ ಅದು ಚಾರ್ಜಿಂಗ್ ಕೇಬಲ್ ಎಂದೇ ನನ್ನ ಲೆಕ್ಕ. ಯುಎಸ್‌ಬಿ 2.0 ಕೇಬಲಿನಲ್ಲಿ ನಾಲ್ಕು ತಂತಿಗಳಿರಬೇಕು: ಕೆಂಪಿನಲ್ಲಿ 5 ವೋಲ್ಟ್, ಕಪ್ಪು ಗ್ರೌಂಡ್, ಹಸಿರು ಮತ್ತು ಬಿಳಿಯಲ್ಲಿ ಡೇಟಾ. ಅಗ್ಗದ ಚಾರ್ಜಿಂಗ್ ಕೇಬಲುಗಳಲ್ಲಿ ಹಸಿರು, ಬಿಳಿ ಎರಡೂ ಇರುವುದಿಲ್ಲ. ನಾನು ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್ ಆಗಿದ್ದಾಗ, ಪ್ರಾಯೋಗಿಕ ಪರೀಕ್ಷೆಯ ಹಿಂದಿನ ದಿನ, ಬೋರ್ಡ್ ಸಿಗುತ್ತಿಲ್ಲವೆಂದು ಆರು ಕಂಪ್ಯೂಟರುಗಳಿಗೆ ವಿಂಡೋಸನ್ನು ಹೊಸದಾಗಿ ಹಾಕಿ ರಾತ್ರಿ ಹನ್ನೊಂದಕ್ಕೆ ಮನೆಗೆ ಬಂದಿದ್ದೆ. ಮರುದಿನ ಬೆಳಿಗ್ಗೆ ಅಟೆಂಡರ್ ಒಬ್ಬರು ಪ್ರಿಂಟರಿನ ಕೇಬಲನ್ನು ತಂದು ಚುಚ್ಚಿದರು, ಬೋರ್ಡ್ ಸಿಕ್ಕಿತು. ಆ ನಾಚಿಕೆ ಇನ್ನೂ ಹೋಗಿಲ್ಲ.

ನಿನ್ನ ಫೋನ್ ಬಂದ ಮೇಲೆ ಮನೆಯಲ್ಲಿದ್ದ ಹನ್ನೊಂದು ಕೇಬಲುಗಳನ್ನು ಜಗಲಿಯ ಮೇಲೆ ಹರಡಿಕೊಂಡು ಕೂತೆ. ಒಂದನ್ನು ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಒತ್ತಿ ಸೀಳಿದೆ, ನಿನ್ನ ಅತ್ತೆಯಿಂದ ಬೈಸಿಕೊಂಡೆ. ಒಳಗೆ ಕೂದಲೆಳೆಯಂಥ ಕೆಂಪು, ಕಪ್ಪು ಎರಡೇ ತಂತಿಗಳು, ಉಳಿದ ಜಾಗವನ್ನು ದಪ್ಪ ರಬ್ಬರಿನಿಂದ ತುಂಬಿದ್ದರು. ಹೊರಗಿನಿಂದ ನೋಡಿದರೆ ಅದೇ ಎಲ್ಲಕ್ಕಿಂತ ಗಟ್ಟಿಯಾದ ಕೇಬಲ್! ಸೀಳದೆಯೂ ಪರೀಕ್ಷಿಸಬಹುದು. ಆ ಕೇಬಲಿನಲ್ಲಿ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನಲ್ಲಿ ಫೈಲ್ ವರ್ಗಾವಣೆಯನ್ನು ಆರಿಸು. ಫೋಟೋಗಳು ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡರೆ ಡೇಟಾ ತಂತಿಗಳು ಸರಿಯಿವೆ. ಬೋರ್ಡಿಗೆ ಟೈಪ್-ಸಿ ಸಾಕೆಟ್ ಇದ್ದರೆ ಇನ್ನೊಂದು ಮಾತು: ಕೆಲವು ಅಗ್ಗದ ಬೋರ್ಡುಗಳಲ್ಲಿ ಕೇಬಲ್ ಜೋಡಣೆಯನ್ನು ಗುರುತಿಸುವ ಸಿಸಿ ಪಿನ್ನುಗಳಿಗೆ ಇರಬೇಕಾದ 5.1 ಕಿಲೋ ಓಮ್ ರೆಸಿಸ್ಟರುಗಳನ್ನು ಹಾಕಿರುವುದಿಲ್ಲ, ಅಂಥವಕ್ಕೆ ಎರಡೂ ಕಡೆ ಸಿ ಇರುವ ಕೇಬಲಿನಿಂದ ಕರೆಂಟೇ ಹೋಗುವುದಿಲ್ಲ. ಒಂದು ತುದಿ ಹಳೆಯ ಅಗಲದ ಎ ಆಗಿರುವ ಕೇಬಲ್ ಬಳಸು.

ಎರಡನೆಯದು, ಗುರುತು ಸಿಗದ ಸಾಧನ ಎನ್ನುವ ಸ್ಥಿತಿ. ಡಿವೈಸ್ ಮ್ಯಾನೇಜರಿನಲ್ಲಿ ಅದರ ಮೇಲೆ ಒತ್ತಿದರೆ ಕೋಡ್ 43 ಎಂದೂ, ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್ ಎಂದೂ ಬರೆದಿರುತ್ತದೆ. ಬೋರ್ಡಿನ ಚಿಪ್ ಡಿ-ಪ್ಲಸ್ ಎಂಬ ಡೇಟಾ ತಂತಿಯನ್ನು 1.5 ಕಿಲೋ ಓಮ್ ರೆಸಿಸ್ಟರಿನ ಮೂಲಕ ಮೇಲಕ್ಕೆಳೆದು ‘ನಾನು ಬಂದಿದ್ದೇನೆ’ ಎಂದು ತಿಳಿಸುತ್ತದೆ. ಆಗ ಕಂಪ್ಯೂಟರ್ ‘ನೀನು ಯಾರು’ ಎಂದು ಕೇಳುತ್ತದೆ. ಕೋಡ್ 43ರಲ್ಲಿ ಬಾಗಿಲು ತಟ್ಟಿದ್ದು ಕೇಳಿಸಿದೆ, ಹೆಸರು ಕೇಳಿಸಿಲ್ಲ. ಹೆಸರೇ ಗೊತ್ತಿಲ್ಲದಿರುವಾಗ ಕಂಪ್ಯೂಟರ್ ಯಾವ ಡ್ರೈವರನ್ನು ತಾನೇ ಹುಡುಕೀತು? ಆದ್ದರಿಂದ ಈ ಸ್ಥಿತಿಯಲ್ಲಿ ನೀನು ಹಾಕಿದ ಡ್ರೈವರುಗಳೆಲ್ಲ ವ್ಯರ್ಥ. ಅರ್ಧ ಮುರಿದ ತಂತಿ, ಬಿರುಕು ಬಿಟ್ಟ ಬೆಸುಗೆ, ಕರೆಂಟ್ ಸಾಲದ ಹಬ್, ಕಿಲುಬು ಹಿಡಿದ ಸಾಕೆಟ್, ಇವುಗಳಲ್ಲಿ ಹುಡುಕು. ಹಬ್ ಬಿಟ್ಟು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚು, ಬೋರ್ಡಿನಲ್ಲಿ ಜೋಡಿಸಿದ ಸೆನ್ಸರ್, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಎಲ್ಲವನ್ನೂ ಬಿಚ್ಚಿಡು. ಯುಎಸ್‌ಬಿ 2.0 ಪೋರ್ಟಿನಿಂದ ಸಿಗುವುದು 500 ಮಿಲಿ ಆಂಪಿಯರ್ ಮಾತ್ರ, ವೈಫೈ ಚಾಲೂ ಆಗುವ ಗಳಿಗೆಯಲ್ಲೇ ರಿಲೇಯೂ ಕರೆಂಟ್ ಎಳೆದರೆ ಬೋರ್ಡ್ ಕುಸಿದು ಮತ್ತೆ ಎದ್ದು ಮತ್ತೆ ಕುಸಿಯುತ್ತದೆ. ನಮ್ಮ ಕಡೆ ಆಷಾಢ ಶ್ರಾವಣದಲ್ಲಿ ಪಿನ್ನುಗಳಿಗೆ ಹಸಿರು ಕಿಲುಬು ಹತ್ತುವುದು ಮಾಮೂಲು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೆಯ ಬ್ರಷ್ಷನ್ನು ಅದ್ದಿ ಉಜ್ಜಿ, ಪೂರ್ತಿ ಆರಿದ ಮೇಲೆ ಚುಚ್ಚು. ಬೋರ್ಡ್ ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡ, ಹೊಗೆಯ ಜಿಡ್ಡು ಕಿಲುಬಿಗಿಂತ ಕೆಟ್ಟದ್ದು.

ಮೂರನೆಯದು ಹಳದಿ ಗುರುತು, ಕೋಡ್ 28. ಇಲ್ಲಿ ಬೋರ್ಡ್ ತನ್ನ ಹೆಸರು ಹೇಳಿದೆ, ಅದನ್ನು ನಡೆಸುವ ಡ್ರೈವರ್ ಮಾತ್ರ ಇಲ್ಲ. ನಿನ್ನ ಪರಿಶ್ರಮಕ್ಕೆ ಫಲವಿರುವುದು ಇಲ್ಲಿ, ಆದರೆ ಏನನ್ನಾದರೂ ಇಳಿಸಿಕೊಳ್ಳುವ ಮೊದಲು ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡೀಸ್ ಎಂದು ಹೋಗಿ ಅಲ್ಲಿರುವ ವಿಐಡಿ, ಪಿಐಡಿ (ತಯಾರಕರ ಸಂಖ್ಯೆ, ಸಾಧನದ ಸಂಖ್ಯೆ) ಎಂಬ ಎರಡು ಸಂಖ್ಯೆಗಳನ್ನು ಬರೆದುಕೋ. ಬೋರ್ಡಿನಲ್ಲಿ ಯುಎಸ್‌ಬಿ ನೋಡಿಕೊಳ್ಳುವ ಚಿಪ್ ಯಾವುದೆಂದು ಅವೇ ಹೇಳುತ್ತವೆ. 10ಸಿ4 ಮತ್ತು ಇಎ60 ಇದ್ದರೆ ಸಿಲಿಕಾನ್ ಲ್ಯಾಬ್ಸ್‌ನ ಸಿಪಿ2102 ಬಳಗ, 1ಎ86 ಮತ್ತು 7523 ಇದ್ದರೆ ಸಿಎಚ್340, 0403 ಮತ್ತು 6001 ಇದ್ದರೆ ಎಫ್‌ಟಿಡಿಐ ಕಂಪನಿಯ ಚಿಪ್. ಅಂಗಡಿಯವನು ಏನೆಂದು ಹೇಳಿ ಮಾರಿದ್ದರೂ ಈ ಸಂಖ್ಯೆಗಳನ್ನೇ ನಂಬು. ಆ ಚಿಪ್ ಮಾಡಿದವರ ತಾಣದಿಂದಲೇ ಡ್ರೈವರ್ ತೆಗೆದುಕೋ. ಎಲ್ಲ ಡ್ರೈವರುಗಳನ್ನೂ ತಾನೇ ಹುಡುಕಿ ಕೊಡುತ್ತೇನೆ ಎನ್ನುವ ತಂತ್ರಾಂಶಗಳನ್ನು ಹತ್ತಿರ ಸೇರಿಸಬೇಡ, ಅವು ಒಂದು ಡ್ರೈವರಿನ ಜೊತೆ ಹತ್ತು ಜಾಹೀರಾತುಗಳನ್ನು ತಂದು ಕೂರಿಸುತ್ತವೆ. ನಕಲಿ ಚಿಪ್ಪುಗಳ ಕಥೆಯೇ ಬೇರೆ: 2014ರಲ್ಲಿ ಎಫ್‌ಟಿಡಿಐ ಡ್ರೈವರಿನ ಒಂದು ಆವೃತ್ತಿ ನಕಲಿ ಚಿಪ್ಪುಗಳ ಪಿಐಡಿಯನ್ನು 0000 ಎಂದು ತಿದ್ದಿಬಿಟ್ಟಿತ್ತು, ಮುಂಚಿನ ದಿನ ಕೆಲಸ ಮಾಡುತ್ತಿದ್ದ ಬೋರ್ಡುಗಳು ಮರುದಿನ ಸತ್ತಂತಾದವು.

ಕಾಲೇಜಿನ ಲ್ಯಾಬಿನಲ್ಲಿ ವಿಂಡೋಸಿನ ಬದಲು ಉಬುಂಟು ಇದೆ ಎಂದೆ. ಅಲ್ಲಿ ಈ ಚಿಪ್ಪುಗಳ ಡ್ರೈವರುಗಳು ಕರ್ನಲ್ ಎಂಬ ಅದರ ತಿರುಳಿನಲ್ಲೇ ಇರುವುದರಿಂದ ಅನುಕೂಲ. ಬೋರ್ಡ್ ಚುಚ್ಚಿದ ತಕ್ಷಣ ಡಿಮೆಸೆಜ್ (dmesg) ಆಜ್ಞೆಯ ಕೊನೆಯ ಸಾಲುಗಳನ್ನು ಓದು, ಟಿಟಿವೈ ಯುಎಸ್‌ಬಿ0 ಎಂದು ಬಂದಿದ್ದರೆ ಬೋರ್ಡ್ ಸಿಕ್ಕಿದೆ. ಆಮೇಲೂ ಅನುಮತಿ ಇಲ್ಲ ಎಂದರೆ ನಿನ್ನ ಹೆಸರನ್ನು ಪೋರ್ಟ್ ಬಳಸಲು ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಸೇರಿಸಲು ಹೇಳು, ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಉಬುಂಟು 22.04ರಲ್ಲಿ ಸಿಎಚ್340 ಬೋರ್ಡ್ ಬಂದ ಹಾಗೆ ಮಾಡಿ ಮಾಯವಾದರೆ, ಅಂಧರ ಬ್ರೈಲ್ ಸಾಧನಗಳಿಗಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ಸೇವೆ ಅದನ್ನು ತನ್ನದೆಂದು ಭಾವಿಸಿ ಹಿಡಿದುಕೊಂಡಿರುತ್ತದೆ. ಬ್ರೈಲ್ ಸಾಧನ ಬಳಸುವವರು ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಮಾತ್ರ ಅದನ್ನು ತೆಗೆಸು.

ಪೋರ್ಟ್ ಬಂದ ಮೇಲೂ ಪ್ರೋಗ್ರಾಂ ಅಪ್‌ಲೋಡ್ ಆಗದೆ ಕನೆಕ್ಟಿಂಗ್ ಎಂಬುದರ ಮುಂದೆ ಚುಕ್ಕಿಗಳು ಬೆಳೆಯುತ್ತಾ ಹೋದರೆ ಗಾಬರಿ ಬೇಡ. ಸೀರಿಯಲ್ ಮಾನಿಟರ್ (ಬೋರ್ಡ್ ಕಳಿಸುವ ಸಾಲುಗಳನ್ನು ತೋರಿಸುವ ಕಿಟಕಿ) ಇನ್ನೆಲ್ಲೂ ತೆರೆದಿಲ್ಲವೆಂದು ನೋಡಿ, ಬೋರ್ಡಿನ ಬೂಟ್ ಗುಂಡಿಯನ್ನು ಒತ್ತಿ ಹಿಡಿದು ಅಪ್‌ಲೋಡ್ ಶುರುವಾದ ಮೇಲೆ ಬಿಡು.

ತೋಟದಲ್ಲಿಟ್ಟ ಬೋರ್ಡಿಗೆ ಮನೆಯಿಂದಲೇ ಯುಎಸ್‌ಬಿ ಕೇಬಲ್ ಎಳೆಯುವ ನಿನ್ನ ಯೋಜನೆ ಮಾತ್ರ ನಡೆಯದು. ಯುಎಸ್‌ಬಿ 2.0 ಕೇಬಲಿಗೆ ಸುಮಾರು 5 ಮೀಟರೇ ಮಿತಿ. ಮೇಲಾಗಿ ನಮ್ಮ ಸಿಡಿಲಿಗೆ ಅಷ್ಟು ಉದ್ದದ ತಂತಿಯ ತುದಿಯಲ್ಲಿ ಲ್ಯಾಪ್‌ಟಾಪ್ ಇಡುವುದು ಬೇಡವೇ ಬೇಡ. ಪ್ರೋಗ್ರಾಂ ಹಾಕುವುದನ್ನೆಲ್ಲ ಜಗಲಿಯಲ್ಲಿ ಮುಗಿಸಿ ಬೋರ್ಡನ್ನು ಬ್ಯಾಟರಿಯ ಮೇಲೆ ತೋಟಕ್ಕೆ ಒಯ್ಯೋಣ.

ಹನ್ನೊಂದರಲ್ಲಿ ನಾಲ್ಕು ತಂತಿ ಇರುವ ಕೇಬಲುಗಳು ಮೂರೇ ಸಿಕ್ಕವು. ಅವಕ್ಕೆ ಕೆಂಪು ದಾರ ಕಟ್ಟಿ, ಅತ್ತೆ ಮಾಡಿದ ಹಪ್ಪಳದ ಜೊತೆ ನಾಳೆ ಬೆಳಗಿನ ಶಿವಮೊಗ್ಗ ಬಸ್ಸಿನಲ್ಲಿ ಕಳಿಸುತ್ತೇನೆ, ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೋ. ಚುಚ್ಚಿ ನೋಡಿದ ಮೇಲೆ ಆ ಎರಡು ಸಂಖ್ಯೆಗಳನ್ನೂ, ಕೋಡ್ ಯಾವುದೆಂಬುದನ್ನೂ ನನಗೆ ಮೆಸೇಜ್ ಮಾಡು. ಭೂಮಿ ಹುಣ್ಣಿಮೆಗೆ ಬರುವಾಗ ಬೋರ್ಡನ್ನೂ ತಾ.

ಇಂತಿ ನಿನ್ನ ಪ್ರೀತಿಯ ಮಾವ