ಆರದ ಕೆಂಪು ದೀಪ: ಯಾವ ವೈರ್ ಕಿತ್ತರು ಎಂದು ಕೇಳಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿದುಕೊಂಡಿತೆಂದರೆ ಕರಾವಳಿಯ ಗ್ಯಾರೇಜುಗಳಿಗೆ ಒಂದು ದೂರು ತಪ್ಪುವುದಿಲ್ಲ: ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿದರೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರುತ್ತಿಲ್ಲ. ಕೆಲವೆಡೆ ಇದಕ್ಕೆ ಎರಡು ನಿಮಿಷದ ಮದ್ದಿದೆ. ವೈರ್ ಕಿತ್ತು, ಟೇಪ್ ಸುತ್ತಿ, ‘ಆಯ್ತು ನೋಡಿ’ ಎಂದು ಗಾಡಿ ಕೊಟ್ಟುಬಿಡುವುದು. ದೀಪ ಆರುತ್ತದೆ, ಗಿರಾಕಿ ನಗುತ್ತ ಹೋಗುತ್ತಾನೆ. ಕಿತ್ತದ್ದು ಯಾವ ವೈರ್ ಎಂದು ಕೇಳುವವರಿಲ್ಲ.

ಬಹುತೇಕ ಕಾರುಗಳಲ್ಲಿ ಈ ಒಂದು ದೀಪಕ್ಕೆ ಇಬ್ಬರು ಒಡೆಯರು. ಒಂದು, ಹ್ಯಾಂಡ್ ಬ್ರೇಕ್ ಲಿವರಿನ ಬುಡದಲ್ಲಿರುವ ಚಿಕ್ಕ ಸ್ವಿಚ್. ಇನ್ನೊಂದು, ಬಾನೆಟ್ ಒಳಗೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ತೇಲುವ ಫ್ಲೋಟ್. ಮೊದಲನೆಯದು ಕೆಟ್ಟರೆ ಕಿರಿಕಿರಿ ಅಷ್ಟೇ. ಎರಡನೆಯದು ಹೇಳುವುದು ಆಯಿಲ್ ಇಳಿದಿದೆ ಎಂದು. ಅದರ ಬಾಯಿ ಮುಚ್ಚಿಸಿಕೊಂಡು ದೇವಿಮನೆ ಘಟ್ಟ ಇಳಿಯುವುದು ಸಣ್ಣ ಮಾತಲ್ಲ.

ಯಾರು ಕೂಗುತ್ತಿದ್ದಾರೆಂದು ತಿಳಿಯಲು ಮೊದಲು ಡಬ್ಬಿ ನೋಡಬೇಕು. ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಆಯಿಲ್ ಮ್ಯಾಕ್ಸ್ ಮತ್ತು ಮಿನ್ ಗೆರೆಗಳ ನಡುವೆ ಸರಿಯಾಗಿದ್ದರೆ ಲಿವರನ್ನು ಕೈಯಿಂದ ಕೆಳಕ್ಕೆ ಒತ್ತಿ ಹಿಡಿಯಿರಿ. ಆಗ ದೀಪ ಆರಿದರೆ ಲಿವರ್ ಪೂರ್ತಿ ಕೂರುತ್ತಿಲ್ಲ, ಅಥವಾ ಸ್ವಿಚ್ ಜಾಗ ಬಿಟ್ಟಿದೆ ಎಂದರ್ಥ. ಆರದಿದ್ದರೆ ಸೀಟುಗಳ ನಡುವಿನ ಕನ್ಸೋಲ್ ಬಿಚ್ಚಿ, ಕೀ ಆನ್ ಇಟ್ಟು ಸ್ವಿಚ್ಚಿನ ಕನೆಕ್ಟರ್ ಎಳೆಯಿರಿ. ಸಾಮಾನ್ಯವಾಗಿ ಅಲ್ಲಿ ಒಂದೇ ವೈರ್ ಇರುತ್ತದೆ, ಅರ್ತ್ (ಕರೆಂಟ್ ಹಿಂದಿರುಗುವ ದಾರಿ) ಸಿಗುವುದು ಗಾಡಿಯ ಬಾಡಿಯಿಂದ. ಈಗ ದೀಪ ಆರಿತೋ, ತಪ್ಪು ಸ್ವಿಚ್ಚಿನದು. ಉರಿಯುತ್ತಲೇ ಇದ್ದರೆ ಡಬ್ಬಿಯ ಕನೆಕ್ಟರ್ ಎಳೆದು ನೋಡಿ. ಅದಕ್ಕೆ ಆರಿದರೆ ಫ್ಲೋಟ್ ಸಿಕ್ಕಿಕೊಂಡಿದೆ. ಎರಡಕ್ಕೂ ಆರದಿದ್ದರೆ ವೈರ್ ಎಲ್ಲೋ ಸವೆದು ಬಾಡಿಗೆ ತಾಗುತ್ತಿರಬೇಕು. ಇದು ಲಿವರ್ ಇರುವ ಸಾದಾ ಗಾಡಿಗಳ ಮಾತು. ಗುಂಡಿ ಒತ್ತುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಆದರೆ ಸ್ಕ್ಯಾನರ್ ಹಾಕದೆ ಕೈ ಹಚ್ಚಬಾರದು.

ನಮ್ಮ ಕಡೆ ಸ್ವಿಚ್ ಕೆಡಲು ದೊಡ್ಡ ಕಾರಣ ಬೇಕಿಲ್ಲ. ಸಮುದ್ರದ ಗಾಳಿ, ನಾಲ್ಕು ತಿಂಗಳು ಒಣಗದ ಮ್ಯಾಟ್, ಗೋಕರ್ಣದಿಂದಲೋ ಮುರ್ಡೇಶ್ವರದಿಂದಲೋ ಕಾಲಿಗಂಟಿ ಬಂದ ಮರಳು. ಮೀನಿನ ಚೀಲದಿಂದ ಸೋರಿದ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲ ಹೋಗಿ ಸೇರುವುದು ಲಿವರಿನ ಬುಡಕ್ಕೆ. ಸ್ವಿಚ್ಚಿನ ಪ್ಲಂಜರ್ (ಲಿವರ್ ಒತ್ತುವ ಕಡ್ಡಿ) ಮರಳಿಗೆ ಸಿಕ್ಕಿಕೊಳ್ಳುತ್ತದೆ, ತಾಮ್ರದ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಹಳೆಯ ಟೂತ್ ಬ್ರಶ್ಶಿನಿಂದ ಮರಳು ಉದುರಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪ್ಲಂಜರನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಟ್ಟರೆ ಹೆಚ್ಚಿನವು ದಾರಿಗೆ ಬರುತ್ತವೆ. ನೀರು ಹಾಕಿ ತೊಳೆಯಬೇಡಿ.

ಸ್ವಿಚ್ ಸರಿಯಿದ್ದೂ ಲಿವರ್ ಪೂರ್ತಿ ಇಳಿಯದಿದ್ದರೆ ಕೇಬಲ್ಲಿಗೆ ತುಕ್ಕು ಹಿಡಿದಿರಬಹುದು, ಇಲ್ಲವೇ ಹೊಸ ಬ್ರೇಕ್ ಲೈನರ್ ಹಾಕುವಾಗ ಯಾರೋ ಅತಿಯಾಗಿ ಬಿಗಿದಿರಬಹುದು. ಲಿವರ್ ಇಳಿಸಿ, ಹಿಂದಿನ ಚಕ್ರ ಜಾಕಿನಲ್ಲಿ ಎತ್ತಿ ಕೈಯಿಂದ ತಿರುಗಿಸಿ. ಹಿಡಿದರೆ ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ಉಜ್ಜುತ್ತಿದೆ. ವಾರಗಟ್ಟಲೆ ಗಾಡಿ ನಿಲ್ಲಿಸುವವರು ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದಿಡದೆ, ಒಂದನೇ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಈ ತಾಪತ್ರಯ ಕಡಿಮೆ.

ಇನ್ನು ಆಯಿಲ್ ವಿಚಾರ. ನೇರ ರಸ್ತೆಯಲ್ಲಿ ಸುಮ್ಮನಿದ್ದು, ದೇವಿಮನೆಯಲ್ಲೋ ಅರಬೈಲು ಘಟ್ಟದಲ್ಲೋ ತಿರುವು ಬಂದಾಗಲೆಲ್ಲ ದೀಪ ಮಿನುಗಿ ಆರುತ್ತದೆಯೇ? ಬಹುಮಟ್ಟಿಗೆ ಅದು ಸ್ವಿಚ್ಚಲ್ಲ. ಆಯಿಲ್ ಮಿನ್ ಗೆರೆಯ ಹತ್ತಿರವಿದೆ, ತಿರುವಿನಲ್ಲಿ ಒಂದು ಬದಿಗೆ ಸರಿದಾಗ ಫ್ಲೋಟ್ ಕೆಳಗಿಳಿಯುತ್ತಿದೆ. ರಸ್ತೆಯ ಗುಂಡಿ ಹಾರಿದಾಗ ಮಾತ್ರ ಮಿನುಗಿದರೆ ಮೊದಲು ಲಿವರ್ ಸ್ವಿಚ್ ನೋಡಿ.

ಇಳಿದ ಆಯಿಲನ್ನು ತುಂಬಿಸಿಬಿಡುವುದು ಎರಡನೇ ತಪ್ಪು. ಬ್ರೇಕ್ ಆಯಿಲ್ ಎಂಜಿನ್ ಆಯಿಲಿನ ಹಾಗೆ ಸುಟ್ಟು ಹೋಗುವುದಿಲ್ಲ. ಚಕ್ರದ ಡಿಸ್ಕನ್ನು ಹಿಡಿಯುವ ಪ್ಯಾಡ್ ಸವೆದಂತೆ, ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದಕ್ಕೆ ಬರುತ್ತದೆ, ಹಿಂದೆ ಖಾಲಿಯಾದ ಜಾಗಕ್ಕೆ ಡಬ್ಬಿಯ ಆಯಿಲ್ ಇಳಿಯುತ್ತದೆ. ಪ್ಯಾಡಿನ ದಪ್ಪ 3 ಮಿ.ಮೀ.ಗೆ ಬಂದಿದ್ದರೆ ಬೇಕಿರುವುದು ಪ್ಯಾಡ್, ಆಯಿಲ್ ಅಲ್ಲ. ಹಾಗೆಯೇ ತುಂಬಿಸಿಟ್ಟರೆ ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಡಬ್ಬಿ ಉಕ್ಕುತ್ತದೆ, ಬಿದ್ದಲ್ಲೆಲ್ಲ ಪೇಂಟ್ ಏಳುತ್ತದೆ. ಪ್ಯಾಡ್ ದಪ್ಪವಿದ್ದೂ ಆಯಿಲ್ ಇಳಿದಿದ್ದರೆ ಸೋರಿಕೆ ಹುಡುಕಬೇಕು: ಹಿಂದಿನ ಟಯರಿನ ಒಳಮೈ ಒದ್ದೆಯಾಗಿದ್ದರೆ ಡ್ರಮ್ಮಿನೊಳಗಿನ ವೀಲ್ ಸಿಲಿಂಡರ್. ಕ್ಲಚ್ಚಿಗೂ ಅದೇ ಡಬ್ಬಿಯಿಂದ ಆಯಿಲ್ ಹೋಗುವ ಗಾಡಿಗಳಿವೆ, ಕ್ಲಚ್ ಸೋರಿದರೂ ಹೊತ್ತುವುದು ಇದೇ ದೀಪ.

ಆಯಿಲ್ ಡಾಟ್ 3 ದರ್ಜೆಯದು ಹಾಕಬೇಕೋ ಡಾಟ್ 4 ಹಾಕಬೇಕೋ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಅರ್ಧ ಬಳಸಿಟ್ಟ ಬಾಟಲಿಯದ್ದು ಬೇಡ. ಅದು ಗಾಳಿಯ ತೇವ ಹೀರುವ ದ್ರವ, ನಮ್ಮ ಕರಾವಳಿಯಲ್ಲಿ ಕೇಳುವುದೇ ಬೇಡ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಕಾದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹೆಚ್ಚಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ ಎನ್ನುವುದು ಇದಕ್ಕೇ.

ಕೆಂಪು ದೀಪದ ಜೊತೆ ಹಳದಿ ಎಬಿಎಸ್ (ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಉರಿದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್‌ರನ್ನೇ ಕರೆಸಿ. ಬ್ರೇಕಿನ ಬಲವನ್ನು ಹಿಂದೆ ಮುಂದೆ ಹಂಚುವ ವ್ಯವಸ್ಥೆ ಕೈಕೊಟ್ಟಿರಬಹುದು. ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಹಿಂದಿನ ಚಕ್ರ ಮೊದಲು ಕಚ್ಚಿ ಗಾಡಿ ತಿರುಗಿಬಿಡುತ್ತದೆ.

ರಿಪೇರಿ ಮುಗಿಯಿತೆಂದು ಗಾಡಿ ಕೊಟ್ಟಾಗ ಅಲ್ಲೇ ನಿಂತು ಎರಡು ಪರೀಕ್ಷೆ ಮಾಡಿಸಿ. ಕೀ ಆನ್ ಮಾಡಿ ಲಿವರ್ ಒಂದು ಹಲ್ಲು ಎಳೆದರೆ ದೀಪ ಹೊತ್ತಬೇಕು, ಇಳಿಸಿದರೆ ಆರಬೇಕು. ಡಬ್ಬಿಯ ಮುಚ್ಚಳಕ್ಕೇ ಫ್ಲೋಟ್ ಜೋಡಿಸಿರುವ ಗಾಡಿಯಾದರೆ ಲಿವರ್ ಇಳಿಸಿ ಮುಚ್ಚಳ ಮೇಲೆತ್ತಿಸಿ, ಆಗಲೂ ಹೊತ್ತಬೇಕು. ಹೊತ್ತದಿದ್ದರೆ ಕಿತ್ತ ವೈರ್ ಎಲ್ಲಿದೆ ಎಂದು ಕಿತ್ತವರಿಂದಲೇ ಹುಡುಕಿಸಿ.

– ವಾಹನ ರಿಪೇರಿ ಬಲ್ಲ ಓದುಗರು, ಕುಮಟಾ