ಮೂತಿ ಎತ್ತಿದ ಪಿಕಪ್‌ಗೆ ಹೆಡ್‌ಲೈಟ್ ಇಳಿಸುವವರಾರು?

ಮಾನ್ಯ ಸಂಪಾದಕರೇ,

ಪಿಕಪ್ ಟ್ರಕ್‌ನ ಮೂತಿ ಹಿಂಭಾಗಕ್ಕಿಂತ ತಗ್ಗಾಗಿರುವುದು ದೋಷವಲ್ಲ. ಹಿಂದೆ ಭಾರ ಹೇರಿದಾಗ ಗಾಡಿ ಸಮಕ್ಕೆ ಬರಲಿ ಎಂದೇ ಹಾಗೆ ಮಾಡಿರುತ್ತಾರೆ. ಹೆಚ್ಚಾಗಿ ಖಾಲಿ ಓಡಿಸುವವರು ಮೂತಿ ಎತ್ತಿ ಹಿಂಭಾಗದ ಸಮಕ್ಕೆ ತರುವ ಲೆವೆಲಿಂಗ್ ಕಿಟ್ ತರಿಸಿ ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ಸ್ಪ್ಯಾನರ್ ಹಿಡಿದು ರೂಢಿಯಿದ್ದವರಿಗೆ ಅದು ಒಂದು ದಿನದ ಕೆಲಸ, ಮಾಡಬಾರದ್ದೇನೂ ಅಲ್ಲ. ಚಕ್ರ ಬಿಗಿದ ಕೂಡಲೇ ಎಲ್ಲ ಮುಗಿಯಿತೆಂದು ರಸ್ತೆಗೆ ಇಳಿಯುವುದು ಮಾತ್ರ ತಪ್ಪು.

ಮೊದಲ ಎಡವಟ್ಟು ಸ್ಪೇಸರ್, ಅಂದರೆ ಎತ್ತರ ಕೊಡುವ ದಪ್ಪ ಬಿಲ್ಲೆ, ಆರಿಸುವಾಗಲೇ ಆಗುತ್ತದೆ. ಸ್ಟ್ರಟ್‌ನ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಕಂಬ) ಬುಡ ಲೋವರ್ ಆರ್ಮ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ಕೆಳಗಿನ ತೋಳು) ನಡುಭಾಗಕ್ಕೆ ಸೇರಿರುವ ಗಾಡಿಗಳಲ್ಲಿ 25 ಮಿ.ಮೀ. ದಪ್ಪದ ಸ್ಪೇಸರ್ ಹಾಕಿದರೆ ಮುಂಭಾಗ ಸುಮಾರು 50 ಮಿ.ಮೀ. ಏರುತ್ತದೆ. 50 ಬೇಕೆಂದು 50ರದ್ದೇ ಹಾಕಿದರೆ ಆರ್ಮ್ ತುದಿಯ ಬಾಲ್ ಜಾಯಿಂಟ್ ಮತ್ತು ಚಕ್ರ ತಿರುಗಿಸುವ ಆಕ್ಸಲ್ ಜಾಯಿಂಟ್‌ಗಳು ತಡೆಯಲಾಗದಷ್ಟು ಓರೆಯಾಗುತ್ತವೆ. ಆದ್ದರಿಂದ ಕಿಟ್‌ನಲ್ಲಿ ಬರೆದಿರುವುದು ದಪ್ಪವೋ ಏರಿಕೆಯೋ ನೋಡಿಕೊಳ್ಳಬೇಕು. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಹಬ್‌ನ ಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರ್‌ನ ಗಾಳಿ ಲೆಕ್ಕ ಕೆಡಿಸುತ್ತದೆ. ಸುರುಳಿ ಸ್ಪ್ರಿಂಗ್ ಬದಲು ತಿರುಚುವ ಸರಳು, ಅಂದರೆ ಟಾರ್ಷನ್ ಬಾರ್, ಇರುವ ಗಾಡಿಗೆ ಈ ಸ್ಪೇಸರ್ ಬರುವುದಿಲ್ಲ, ಅದರ ಕಿಟ್ಟೇ ಬೇರೆ.

ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು, ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತಿ ಚಾಸಿಗೆ ಸ್ಟ್ಯಾಂಡ್ ಕೊಡಬೇಕು. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಲೇಬಾರದು. ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಆ್ಯಂಟಿ ರೋಲ್ ಬಾರ್‌ನ ಲಿಂಕ್, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್‌ಗಳನ್ನು ಮೊದಲೇ ಬಿಡಿಸಿ, ಇಲ್ಲದಿದ್ದರೆ ಆರ್ಮ್ ಜೋತಾಗ ವೈರು ಹರಿಯುತ್ತದೆ. ಮೇಲಿನ ಬಾಲ್ ಜಾಯಿಂಟ್ ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಉಳಿಸಿ, ನಕಲ್‌ನ (ಚಕ್ರ ಕೂರುವ ಲೋಹದ ಭಾಗ) ಪಕ್ಕಕ್ಕೆ ಸುತ್ತಿಗೆಯಿಂದ ಬಡಿದರೆ ಜಾಯಿಂಟ್ ಬಿಡುತ್ತದೆ. ಬೋಲ್ಟಿನ ತುದಿಗೆ ಬಡಿದರೆ ಥ್ರೆಡ್ ಹಾಳು. ಬಿಟ್ಟ ನಕಲ್ ಹೊರಕ್ಕೆ ವಾಲಿದರೆ ಆಕ್ಸಲ್ ಜಾಯಿಂಟ್ ಒಳಗಿಂದ ಕಳಚಿಕೊಳ್ಳುತ್ತದೆ, ಆದ್ದರಿಂದ ನಕಲನ್ನು ತಂತಿಯಿಂದ ಕಟ್ಟಿ ಹಿಡಿಯಿರಿ.

ಸ್ಟ್ರಟ್‌ನ ತಲೆಯ ಮೇಲೆ ಅಂಚಿಗಿರುವ ನಟ್‌ಗಳನ್ನು ಮಾತ್ರ ತೆಗೆಯಬೇಕು. ನಡುವಿನ ದೊಡ್ಡ ನಟ್ಟನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಅದುಮಿಟ್ಟ ಸ್ಪ್ರಿಂಗನ್ನು ಹಿಡಿದಿರುವುದು ಅದೊಂದೇ, ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಪ್ರಾಣ ತೆಗೆಯಬಲ್ಲದು. ಸ್ಟ್ರಟ್‌ನ ಒಳಗೆ ಕೂರುವ ಸ್ಪೇಸರ್ ಆದರೆ ಸ್ಪ್ರಿಂಗ್ ಅದುಮುವ ಸರಿಯಾದ ಕಂಪ್ರೆಸರ್ ಇರುವ ವರ್ಕ್‌ಶಾಪ್‌ಗೇ ಕೊಡುವುದು ಲೇಸು.

ಮತ್ತೆ ಜೋಡಿಸುವಾಗ ಆರ್ಮ್‌ನ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಸಡಿಲಿಸಿದ್ದರೆ, ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಬೇಕು. ತೂಗಾಡುವಾಗಲೇ ಬಿಗಿದರೆ ಬುಷ್ ಸದಾ ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ. ನೈಲಾನ್ ಇರುವ ನಟ್‌ಗಳನ್ನು ಹೊಸದೇ ಹಾಕಿ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ (ಬಿಗಿಯುವ ಬಲದ ಅಳತೆ) ಬಿಗಿಯಿರಿ, 100 ಕಿ.ಮೀ. ಓಡಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿ. ಚಕ್ರದ ಕೋನ ಸರಿಪಡಿಸುವ ಅಲೈನ್‌ಮೆಂಟ್‌ಗೆ ಮಾತ್ರ ಕಾಯದೆ ಸೀದಾ ಹೋಗಬೇಕು. ಎತ್ತರ ಬದಲಾದರೆ ಟೋ, ಕ್ಯಾಂಬರ್, ಕ್ಯಾಸ್ಟರ್ ಎಂಬ ಆ ಮೂರೂ ಕೋನಗಳು ಬದಲಾಗುತ್ತವೆ, ಹಾಗೇ ಬಿಟ್ಟರೆ ಹೊಸ ಟೈರೂ ಒಂದೇ ಅಂಚಿಗೆ ಸವೆಯುತ್ತದೆ.

ಇನ್ನು ಹೆಡ್‌ಲೈಟ್. ಈ ಪತ್ರ ಬರೆಯಲು ಕಾರಣವೇ ಅದು. ಡಿಪ್ ಬೆಳಕನ್ನು ಸಾಮಾನ್ಯವಾಗಿ ಶೇ. 1ರಷ್ಟು, ಅಂದರೆ 10 ಮೀಟರಿಗೆ 10 ಸೆಂ.ಮೀ. ಕೆಳಮುಖವಾಗಿ ಇಟ್ಟಿರುತ್ತಾರೆ. ಎರಡು ಆಕ್ಸಲ್‌ಗಳ ನಡುವೆ 3.2 ಮೀಟರ್ ಇರುವ ಗಾಡಿಯ ಮುಂಭಾಗ 5 ಸೆಂ.ಮೀ. ಏರಿದರೆ ಬೆಳಕು ಶೇ. 1.5ಕ್ಕೂ ಹೆಚ್ಚು ಮೇಲಕ್ಕೆ ತಿರುಗುತ್ತದೆ. ರಸ್ತೆ ನೋಡಬೇಕಾದ ಡಿಪ್ ಲೈಟ್ ಆಗ ಮುಗಿಲು ನೋಡುತ್ತದೆ, ಎದುರಿನ ಬೈಕ್ ಸವಾರನ ಕಣ್ಣು ಕೋರೈಸುತ್ತದೆ. ಇದನ್ನು ಸರಿಮಾಡಲು ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಹತ್ತು ನಿಮಿಷ. ಸಮ ನೆಲದಲ್ಲಿ ಗೋಡೆಯಿಂದ 7.5 ಮೀಟರ್ ದೂರ ನಿಲ್ಲಿಸಿ, ಲ್ಯಾಂಪ್‌ನ ಹೊಸ ಎತ್ತರವನ್ನು ಗೋಡೆಯ ಮೇಲೆ ಗುರುತಿಸಿ. ಮ್ಯಾನ್ಯುಯಲ್ ಬೇರೆ ಅಳತೆ ಹೇಳದಿದ್ದರೆ, ಬೆಳಕಿನ ಮೇಲಂಚು ಆ ಗುರುತಿಗಿಂತ 7.5 ಸೆಂ.ಮೀ. ಕೆಳಗೆ ಬರುವಂತೆ ಸ್ಕ್ರೂ ತಿರುಗಿಸಿ. ಹಿಂದೆ ಭಾರ ಹೇರಿದ ದಿನ ಮೂತಿ ಇನ್ನಷ್ಟು ಮೇಲೇಳುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಇಳಿಸುವ ಚಕ್ರವಿದ್ದರೆ ಅಂದು ಮರೆಯದೆ ಬಳಸಿ.

ಇಂತಿ,
ಓರ್ವ ಓದುಗ