ನೆಲ ಕುಸಿದು ಮನೆಗೆ ಹಾನಿಯಾದರೆ ವಿಮೆ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲು ಜೀವ ಮುಖ್ಯ. ನೆಲ ಕುಸಿದು ಗುಂಡಿ ಬಿದ್ದದ್ದು ಕಂಡ ಕೂಡಲೇ ಎಲ್ಲರೂ ಮನೆಯಿಂದ ಹೊರಗೆ ಬನ್ನಿ. ಫೋಟೋಗೆ ಅಂತ ಅಂಚಿನ ಹತ್ತಿರ ಹೋಗಬೇಡಿ. ಎಷ್ಟೋ ಕಡೆ ನೆಲದ ಕೆಳಗಿನ ಸುಣ್ಣಕಲ್ಲನ್ನು ನೀರು ಕರಗಿಸಿರುತ್ತದೆ, ಹಾಗಾಗಿ ಗಟ್ಟಿಯಾಗಿ ಕಾಣುವ ನೆಲವೂ ಟೊಳ್ಳಾಗಿರಬಹುದು.

ಆಮೇಲೆ ಪಾಲಿಸಿ ತೆಗೆದು ನೋಡಿ. ಎಷ್ಟೋ ಮನೆ ವಿಮೆಗಳು ಭೂಮಿ ಸರಿಯುವುದರಿಂದ ಆಗುವ ಹಾನಿಯನ್ನು ಹೊರಗಿಟ್ಟಿರುತ್ತವೆ. ಅಮೆರಿಕದ ಫ್ಲೋರಿಡಾದಲ್ಲಿ ದಿಢೀರ್ ಕುಸಿತಕ್ಕೆ ರಕ್ಷಣೆ ಕೊಡಲೇಬೇಕು ಅಂತ ಕಾನೂನೇ ಇದೆ. ಆದರೆ ಅದಕ್ಕೆ 4 ಷರತ್ತು: ನೆಲ ಏಕಾಏಕಿ ಕುಸಿದಿರಬೇಕು, ತಗ್ಗು ಬರಿಗಣ್ಣಿಗೆ ಕಾಣಬೇಕು, ಅಡಿಪಾಯ ಸೇರಿ ಕಟ್ಟಡಕ್ಕೆ ಪೆಟ್ಟಾಗಿರಬೇಕು, ಮನೆ ವಾಸಕ್ಕೆ ಯೋಗ್ಯವಲ್ಲ, ಖಾಲಿ ಮಾಡಿ ಅಂತ ಸರ್ಕಾರಿ ಆದೇಶ ಬಂದಿರಬೇಕು. ನಾಲ್ಕೂ ಬೇಕು! ಸುಮ್ನೆ ಗೋಡೆ ಬಿರುಕು ಬಿಟ್ಟರೆ ಸಾಲದು. ಅಂಥ ಹಾನಿಗೂ ವಿಮೆ ಸಿಗಬೇಕಾದರೆ ಜಾಸ್ತಿ ಪ್ರೀಮಿಯಂ ಕಟ್ಟಿ ಬೇರೆ ರಕ್ಷಣೆ ಸೇರಿಸಿಕೊಂಡಿರಬೇಕು.

ಕಂಪನಿಗೆ ತಡಮಾಡದೆ ಬರಹದಲ್ಲೇ ತಿಳಿಸಿ. ಕ್ಲೇಮ್ ನಂಬರ್, ಮಾತಾಡಿದವರ ಹೆಸರು, ದಿನಾಂಕ ಬರೆದಿಟ್ಟುಕೊಳ್ಳಿ. ಬಿರುಕಿನ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ವಾರಕ್ಕೊಮ್ಮೆ ಮತ್ತೆ ತೆಗೆಯಿರಿ. ಬಿರುಕು ಬೆಳೆಯುತ್ತಿದೆ ಅನ್ನುವುದಕ್ಕೆ ಅದೇ ಒಳ್ಳೆಯ ಸಾಕ್ಷಿ. ಮನೆಯೊಳಗೆ ಹೋಗಬಹುದು ಅಂತ ತಿಳಿದವರು ಹೇಳಿದ ಮೇಲೆ ಮಾತ್ರ ಇದನ್ನು ಮಾಡಿ. ಪರಿಶೀಲನೆ ಮುಗಿಯುವ ಮುಂಚೆ ಗುಂಡಿ ಮುಚ್ಚಿಸಬೇಡಿ. ತಾತ್ಕಾಲಿಕ ರಿಪೇರಿಯ ಬಿಲ್ ಎಲ್ಲಾ ಇಟ್ಟುಕೊಳ್ಳಿ.

ಕಂಪನಿ ಜೊತೆಗಿನ ಇಡೀ ಜಗಳ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ, ಹಾನಿಗೆ ಕಾರಣ ಏನು? ಹಾಗಾಗಿ ಕಂಪನಿ ಕಳಿಸಿದ ಎಂಜಿನಿಯರ್ ವರದಿಯ ಪೂರ್ತಿ ಪ್ರತಿ ಕೇಳಿ ಪಡೆಯಿರಿ. ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಬರಹದಲ್ಲಿ ಕೇಳಿ, ನಿಮ್ಮದೇ ಎಂಜಿನಿಯರ್ ಹತ್ತಿರ ತೋರಿಸಿ. ನೆಲ ಗಟ್ಟಿ ಮಾಡುವ ಖರ್ಚು ಸೇರದ ಮೊತ್ತಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ.